ಅಂಟವಾಳದ ಉಂಗುರ

ಪುಣೆ
11 ಆಗಸ್ಟ್ 2024

ಕರಿಸಿದ್ದಪ್ಪ ಕಾಕಾ ಅವರಿಗೆ ಅರ್ಚನಾ ಮಾಡುವ ನಮಸ್ಕಾರಗಳು.

ಯಾವ ಅರ್ಚನಾ ಎಂದು ಕೇಳಬೇಡಿ. ಕೂಡ್ಲಿಗಿಯ ನಮ್ಮ ಹೈಸ್ಕೂಲಿನಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ, ಒಂದೇ ವಾರಕ್ಕೆ ಮೂರು ಬೀಕರು ಒಡೆದವಳು ಎಂದರೆ ನೆನಪಾದೀತು. ಮೂರನೆಯದು ಒಡೆದಾಗ ನೀವು ಬೈಯಲಿಲ್ಲ. "ಇನ್ನೊಂದು ಉಳದೈತಿ, ಅದನ್ನೂ ಒಗದುಬಿಡು ಯವ್ವಾ. ನನಗ ತೊಳಿಯೋದು ತಪ್ಪತೈತಿ" ಎಂದಿರಿ. ಬೈದಿದ್ದರೆ ಸುಮ್ಮನಿರುತ್ತಿದ್ದೆ. ಹಾಗೆಂದದ್ದಕ್ಕೆ ಅತ್ತುಬಿಟ್ಟೆ.

ಹೋದ ತಿಂಗಳು ಕೊಟ್ಟೂರಿಗೆ ಅವ್ವನ ಹತ್ತಿರ ಬಂದಿದ್ದಾಗ ನಿಮ್ಮ ನಂಬರು ಹುಡುಕಿ ಫೋನು ಮಾಡಿದೆ. ಪಂಪಮ್ಮ ಚಿಗವ್ವ ಎತ್ತಿದರು. "ಅವರ ಕಿವಿ ಪೂರಾ ಹೋಗ್ಯಾವ. ಏನರ ಹೇಳೋದಿದ್ರ ಬರದು ಕಳಸವ್ವ, ಕುಂತು ಓದತಾರ" ಎಂದರು. ನೀವು ಅಟೆಂಡರಾಗಿದ್ದ ಶಾಲೆಯ ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬು ಬಿರುಕು ಬಿಟ್ಟ ಸದ್ದನ್ನು ವರಾಂಡದಿಂದಲೇ ಗುರುತಿಸುತ್ತಿದ್ದ ಕಿವಿಗಳು ಅವು. ನನಗೆ ಬಹಳ ಬೇಸರವಾಯಿತು.

ನಾನೀಗ ಇಲ್ಲಿನ ಒಂದು ಪ್ರಯೋಗಶಾಲೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಐದನೇ ವರ್ಷ. ಕೆಲಸ ಏನೆಂದು ಅವ್ವನಿಗೆ ಹೇಳಹೋದರೆ ಮದುವೆಯ ಮಾತು ತೆಗೆಯುತ್ತಾಳೆ. ನೀವಾದರೆ ಕೇಳುತ್ತೀರಿ. ಒಂದು ಬಗೆಯ ಅಣುಗಳನ್ನು ನೀರಿನಲ್ಲಿ ಕರಗಿಸಿ ಪುಟ್ಟ ಶೀಶೆಯಲ್ಲಿ ಸುಮ್ಮನೆ ಇಡುತ್ತೇನೆ. ಯಾರೂ ಮುಟ್ಟುವುದಿಲ್ಲ, ಕಲಕುವುದಿಲ್ಲ. ಅವು ಒಂದನ್ನೊಂದು ಹಿಡಿದುಕೊಂಡು ಮೊದಲು ಎಳೆಯಾಗುತ್ತವೆ. ಆಮೇಲೆ ಎಳೆ ಬಾಗಿ, ತುದಿಗೆ ತುದಿ ಕೂಡಿ ಉಂಗುರವಾಗುತ್ತದೆ. ಹೆಂಗಸರು ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿ ಇದೆಯಲ್ಲ, ಥೇಟ್ ಅದೇ. ಇಂಥ ಸಾವಿರ ಸಿಂಬಿ ಸಾಲಾಗಿಟ್ಟರೂ ಒಂದು ಕೂದಲಿನ ದಪ್ಪ ದಾಟದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಅವನ್ನು ಕಂಡ ದಿನ ನಾನು ಮಧ್ಯಾಹ್ನ ಊಟ ಮಾಡಲಿಲ್ಲ, ಹಸಿವೇ ಆಗಲಿಲ್ಲ. ಮುಂದೊಂದು ದಿನ ಆ ಉಂಗುರದ ತೂತಿನಲ್ಲಿ ಔಷಧಿ ಹಿಡಿದಿಡಬಹುದು, ನಮ್ಮೂರ ನೀರಿನ ಫ್ಲೋರೈಡನ್ನೂ ಸೋಸಬಹುದು ಎಂದು ನಮ್ಮ ಗೈಡ್ ಸರ್ ಹೇಳುತ್ತಾರೆ. ಇದರ ಬಗ್ಗೆ ಬರೆದ ಪೇಪರು ಮುಂದಿನ ತಿಂಗಳು ದೊಡ್ಡ ಪತ್ರಿಕೆಯೊಂದಕ್ಕೆ ಹೋಗುತ್ತದೆ. ಅದು ಅಚ್ಚಾದರೆ ನನ್ನ ಡಿಗ್ರಿ ಕೈಗೆ ಬಂದಂತೆ.

ಇನ್ನೊಂದು ಮಾತು. ಇಲ್ಲಿ ಕ್ರಾಂತಿ ಎಂಬ ಹುಡುಗಿ ಇದ್ದಾಳೆ, ನನಗಿಂತ ಎರಡು ವರ್ಷ ಚಿಕ್ಕವಳು, ಹರಪನಹಳ್ಳಿ ತಾಲೂಕಿನ ಹಲವಾಗಲಿನವಳು. ನಾನೇ ಒತ್ತಾಯ ಮಾಡಿ ಇಲ್ಲಿಗೆ ಅರ್ಜಿ ಹಾಕಿಸಿದ್ದು. ನನ್ನ ಪ್ರಯೋಗವನ್ನೇ ಮತ್ತೊಮ್ಮೆ ಮಾಡಿ ತೋರಿಸು ಎಂದು ಸರ್ ಅವಳಿಗೆ ಕೊಟ್ಟಿದ್ದಾರೆ. ನಾಲ್ಕು ತಿಂಗಳಾಯಿತು, ಅವಳ ಶೀಶೆಯಲ್ಲಿ ಒಂದು ಉಂಗುರವೂ ಇಲ್ಲ, ಬರೀ ನೆಟ್ಟಗಿನ ಎಳೆ. ಕೈ ಚೊಕ್ಕ ಇಲ್ಲ ಎಂದು ಸರ್ ಎಲ್ಲರೆದುರು ಅಂದರು. ಪಾಪ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ನನ್ನ ಕೈಯಲ್ಲಿ ಮಾತ್ರ ಆಗುತ್ತದೆ ಎಂದು ಒಳಗೊಳಗೇ ಹಿಗ್ಗೂ ಆಯಿತು.

ಗಾಜು ತೊಳೆಯುವುದನ್ನು ಕಲಿಸಿದವರು ನೀವು. ಅದಕ್ಕೇ ನಿಮಗೆ ಹೇಳಬೇಕೆನಿಸಿತು.

ನಿಮ್ಮ ಬೀಕರು ಒಡೆದ
ಅರ್ಚನಾ

*

ಕೂಡ್ಲಿಗಿ
2 ಸೆಪ್ಟೆಂಬರ್ 2024

ಚಿ. ಅರ್ಚನಾಗೆ ಕರಿಸಿದ್ದಪ್ಪನ ಆಶೀರ್ವಾದ.

ಬೀಕರು ಮೂರಲ್ಲ, ನಾಲ್ಕು. ನಾಲ್ಕನೆಯದನ್ನು ನಿನ್ನ ಗೆಳತಿಯರು ನಲ್ಲಿಯ ಹಿಂದೆ ಹೂತಿಟ್ಟಿದ್ದರು, ಬೇಸಿಗೆ ರಜೆಯಲ್ಲಿ ಬೇವಿನ ಸಸಿ ನೆಡಲು ಅಗೆದಾಗ ಸಿಕ್ಕಿತು. ಆ ಸಸಿ ಈಗ ಮರವಾಗಿ ಸೈಕಲ್ ಸ್ಟ್ಯಾಂಡಿಗೆ ನೆರಳು ಕೊಡುತ್ತಿದೆ ಎಂದು ಪೆನ್ಶನ್ ಕಾಗದಕ್ಕೆ ಹೋದಾಗ ನೋಡಿ ಬಂದೆ. ಲ್ಯಾಬಿನ ಬಾಗಿಲಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಒಳಗೆ ಹೋಗಲಿಲ್ಲ. ಹೋಗಿದ್ದರೆ ಟೆಸ್ಟ್ ಟ್ಯೂಬ್ ಸ್ಟ್ಯಾಂಡಿನ ಧೂಳು ಒರೆಸಲು ನಿಂತುಬಿಡುತ್ತಿದ್ದೆ, ಈಗಿನ ಅಟೆಂಡರನಿಗೆ ಅವಮಾನವಾಗುತ್ತಿತ್ತು.

ನಿನ್ನ ಪತ್ರವನ್ನು ಪಂಪಮ್ಮನಿಗೆ ಎರಡು ಸಲ ಓದಿ ಹೇಳಿದೆ. ಸಿಂಬಿಯ ಮಾತಿಗೆ ಅವಳು ಏನೋ ಅಂದು ನಕ್ಕಳು. ಸ್ಲೇಟಿನ ಮೇಲೆ ಬರೆ ಎಂದೆ. "ತಾನ ಸುತ್ತಿಕೊಳ್ಳೋ ಸಿಂಬಿ ಇದ್ರ ನನಗೂ ಒಂದು ಕಳಸು ಅನ್ರಿ" ಎಂದು ಬರೆದಳು. ನಮ್ಮ ಮನೆಯಲ್ಲಿ ಈಗ ಜಗಳವೂ ಸ್ಲೇಟಿನ ಮೇಲೆಯೇ. ಒಂದು ಲಾಭ ಇದೆ, ಅವಳು ಬರೆಯುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ.

ಏಳನೇ ಇಯತ್ತೆ ಪಾಸಾದವನು ನಾನು. ನಿನ್ನ ವಿದ್ಯೆಯಲ್ಲಿ ಬಾಯಿ ಹಾಕುವುದು ಸರಿಯಲ್ಲ. ಆದರೂ ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಕೈಯಲ್ಲಿ ಮಾತ್ರ ಆಗುತ್ತದೆ ಅಂದರೆ ಅದು ತಾನಾಗಿ ಆದದ್ದು ಹೇಗೆ? ತಾನಾಗಿ ಆಗುವುದು ಯಾರ ಕೈಯಲ್ಲಾದರೂ ಆಗಬೇಕಲ್ಲ.

ಇನ್ನು ಆ ಹಲವಾಗಲಿನ ಹುಡುಗಿ. ಅವಳು ತನ್ನ ಶೀಶೆಗಳನ್ನು ಯಾವುದರಲ್ಲಿ ತೊಳೆಯುತ್ತಾಳೆ, ನೀನು ಯಾವುದರಲ್ಲಿ ತೊಳೆಯುತ್ತೀ? ನನಗೆ ತಿಳಿಯುವುದು ಅದೊಂದೇ ಆದ್ದರಿಂದ ಕೇಳಿದೆ. ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ
ಕರಿಸಿದ್ದಪ್ಪ

*

ಪುಣೆ
15 ಸೆಪ್ಟೆಂಬರ್ 2024

ಪ್ರೀತಿಯ ಕಾಕಾ,

ಯಾವುದರಲ್ಲಿ ತೊಳೆಯುತ್ತೀ ಎಂದು ಕೇಳಿದಿರಲ್ಲ, ಓದಿ ಜೋರಾಗಿ ನಕ್ಕೆ. ನೀವು ಕಲಿಸಿದ್ದರಲ್ಲೇ ಕಾಕಾ! ಅಂಟವಾಳಕಾಯಿ ನೀರಿನಲ್ಲಿ!

ಇಲ್ಲಿಯ ತೊಳೆಯುವ ಪುಡಿಗೆ ನನ್ನ ಅಂಗೈ ಸಿಪ್ಪೆ ಸುಲಿಯುತ್ತದೆ. ಎರಡನೇ ವರ್ಷ ರಕ್ತವೇ ಬಂತು. ಆಗ ಅವ್ವ ಕೊಟ್ಟೂರು ಸಂತೆಯಿಂದ ಒಂದು ಚೀಲ ಅಂಟವಾಳ ತಂದು ಕಳಿಸಿದಳು. ಬೀಜ ತೆಗೆದು, ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಸೋಸಿ. ಆಮೇಲೆ ಒಂದು ಸಲ ಭಟ್ಟಿ ಇಳಿಸಿದ ನೀರು. ಎಲ್ಲರೂ ಬರುವ ಮೊದಲೇ ಮುಗಿಸಿಬಿಡುತ್ತೇನೆ. ಕಂಡರೆ ಹಳ್ಳಿ ಗುಗ್ಗು ಎಂದು ನಗುತ್ತಾರೆಂಬ ಅಂಜಿಕೆ. ಕ್ರಾಂತಿಗೂ ಹೇಳಿಲ್ಲ. ಅವಳು ಪುಸ್ತಕದಲ್ಲಿ ಇದ್ದ ಹಾಗೆ ಮೊದಲು ಪುಡಿ, ಆಮೇಲೆ ಆಸಿಡ್ಡು, ಆಮೇಲೆ ಐದು ಸಲ ನೀರು.

ಆ ವಾಸನೆ ಮೂಗಿಗೆ ಬಂದರೆ ಸಾಕು, ನಾನು ಕೂಡ್ಲಿಗಿಯಲ್ಲಿರುತ್ತೇನೆ. ನಿಮ್ಮ ಮಣ್ಣಿನ ಬಾನಿ, ಬೇವಿನ ಕಡ್ಡಿಗಳ ಮೇಲೆ ತಲೆಕೆಳಗಾಗಿ ಒಣಗುತ್ತಿದ್ದ ಟೆಸ್ಟ್ ಟ್ಯೂಬುಗಳು, ಕಿಟಕಿಯಿಂದ ಬರುತ್ತಿದ್ದ ಹೆದ್ದಾರಿಯ ಲಾರಿ ಸದ್ದು. ಮಧ್ಯಾಹ್ನದ ಬಿಡುವಿನಲ್ಲಿ ಪಪ್ಪಾಯಿ ಎಲೆಯ ದೇಟಿನಿಂದ ನೊರೆಯ ಗುಳ್ಳೆ ಊದುತ್ತಿದ್ದೆವು. ನಾಗರತ್ನಳಷ್ಟು ದೊಡ್ಡದು ಯಾರಿಗೂ ಬರುತ್ತಿರಲಿಲ್ಲ. ನನ್ನ ಪಕ್ಕ ಕೂರುತ್ತಿದ್ದಳು, ನೆನಪಿದೆಯಾ? ಲೆಕ್ಕದಲ್ಲಿ ನನಗಿಂತ ಚುರುಕು. ಪ್ರಯೋಗದಲ್ಲಿ ಏನೋ ಮೋಸ ಮಾಡಿ ಸಿಕ್ಕಿಬಿದ್ದಳಂತೆ, ಆಮೇಲೆ ಶಾಲೆಗೇ ಬರಲಿಲ್ಲ. ಎಲ್ಲಿದ್ದಾಳೋ ಏನೋ.

ನಿಮ್ಮ ಪ್ರಶ್ನೆಗೆ ಉತ್ತರ: ವಿಜ್ಞಾನದಲ್ಲೂ ಕೈಗುಣ ಎಂಬುದು ಇರುತ್ತದೆ ಕಾಕಾ. ಇಬ್ಬರು ಒಂದೇ ಹಿಟ್ಟು ನಾದಿದರೂ ಒಬ್ಬಳ ರೊಟ್ಟಿ ಉಬ್ಬುತ್ತದೆ, ಇನ್ನೊಬ್ಬಳದು ಹರಿಯುತ್ತದೆ. ಪೇಪರು ಮೊನ್ನೆ ಹೋಯಿತು. ಕ್ರಾಂತಿಗೆ ನವೆಂಬರ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಆಗದಿದ್ದರೆ ಊರಿಗೆ ಹೋಗಬೇಕು. ಅವಳ ಅಪ್ಪನಿಗೂ ವಿಷಯ ಗೊತ್ತಾಗಿದೆ. ಫೋನಿನಲ್ಲಿ, "ನಿನ್ನ ಕೈಯಾಗ ಹೊಲಸು ಐತಂತಲ್ಲ, ಹಂಗಂತ ಹೇಳಿಸಿಕೊಳ್ಳಾಕ ಅಷ್ಟು ದೂರ ಹೋದಿಯೇನು?" ಎಂದರಂತೆ. ಊಟ ಬಿಟ್ಟು ಮಲಗಿದ್ದಾಳೆ.

ನಿಮ್ಮ
ಅರ್ಚನಾ

*

ಕೂಡ್ಲಿಗಿ
6 ಅಕ್ಟೋಬರ್ 2024

ಅರ್ಚನಾ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಮೂರು ಸಲ ಬರೆದು ಹರಿದು ಹಾಕಿದ್ದೇನೆ.

ನಾಗರತ್ನ ಮೋಸ ಮಾಡಲಿಲ್ಲ.

ಅವತ್ತು ಗಡಸು ನೀರು, ಮೆದು ನೀರಿನ ಪ್ರಯೋಗ. ನಿಮ್ಮ ನಿಮ್ಮ ಮನೆಯ ನೀರು ತನ್ನಿ ಎಂದು ಪಾಲಾಕ್ಷ ಮೇಷ್ಟ್ರು ಹೇಳಿದ್ದರು. ಸೋಪಿನ ನೀರು ನಾಲ್ಕು ಹನಿ ಹಾಕಿ ಕುಲುಕಿದರೆ ನಮ್ಮ ಕಡೆಯ ಬೋರಿನ ನೀರಿಗೆ ನೊರೆ ಬರುವುದಿಲ್ಲ, ಬರಲೂಬಾರದು. ಎಲ್ಲರದೂ ಹಾಗೇ ಆಯಿತು. ನಾಗರತ್ನಳ ಟ್ಯೂಬಿನಲ್ಲಿ ಮಾತ್ರ ಬಾಯಿಯವರೆಗೆ ನೊರೆ ಬಂತು. ಮೇಲಿನ ಸಾಹೇಬರೊಬ್ಬರು ನೋಡಲು ಬಂದಿದ್ದರು. "ಸೋಪಿನ ಪುಡಿ ಹಾಕೀಯೇನು? ಸಾಹೇಬ್ರ ಮುಂದ ಶ್ಯಾಣ್ಯಾತನ ತೋರಸ್ತೀಯಾ?" ಎಂದು ಮೇಷ್ಟ್ರು ಕೂಗಿದರು. ಆ ಹುಡುಗಿ "ಇಲ್ರಿ ಸರ, ಇಲ್ರಿ" ಅನ್ನುತ್ತಲೇ ಇತ್ತು. ಕೂಲಿಗೆ ಹೋಗಿದ್ದ ತಾಯಿ ದ್ಯಾಮಕ್ಕನನ್ನು ಕರೆಸಿದರು. ಅಷ್ಟು ಜನರ ನಡುವೆ ತಲೆ ತಗ್ಗಿಸಿ ನಿಂತ ಆ ಹೆಣ್ಣುಮಗಳು ಸಿಟ್ಟೆಲ್ಲ ಮಗಳ ಮೇಲೆ ತೆಗೆದಳು. ಶಾಲೆಯ ಅಂಗಳದಲ್ಲೇ ಹೊಡೆದಳು, ಮರುದಿನದಿಂದ ಶಾಲೆ ಬಿಡಿಸಿದಳು. ನೀನು ಆ ದಿನ ಜ್ವರವೆಂದು ಬಂದಿರಲಿಲ್ಲ.

ಬೆಳಿಗ್ಗೆ ನಲ್ಲಿ ನಿಂತುಹೋಗಿತ್ತು. ಕೊನೆಯ ನಾಲ್ಕು ಟ್ಯೂಬುಗಳನ್ನು ಅಂಟವಾಳದ ನೀರಿನಿಂದ ಎತ್ತಿ, ಒಳ್ಳೆಯ ನೀರಿನಲ್ಲಿ ಜಾಲಿಸದೆ, ಹಾಗೇ ಕಡ್ಡಿಗೆ ಸಿಕ್ಕಿಸಿದ್ದೆ. ಅಂಟವಾಳಕ್ಕೆ ಗಡಸು ನೀರಿನಲ್ಲೂ ನೊರೆ ಬರುತ್ತದೆ. ಸಂಜೆ ಉಳಿದ ಮೂರನ್ನು ಮೂಗಿಗೆ ಹಿಡಿದಾಗಲೇ ತಿಳಿಯಿತು, ನಾಲ್ಕನೆಯದು ಯಾರ ಕೈಗೆ ಹೋಗಿತ್ತೆಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಎತ್ತು ನಾನು. ನನ್ನ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಬಾಯಿ ಮುಚ್ಚಿಕೊಂಡೆ. ನೌಕರಿ ಕಾಯಂ ಆಯಿತು, ಆಮೇಲೆ ಪೆನ್ಶನ್ನೂ ಬಂತು. ನನ್ನನ್ನು ನೀವೆಲ್ಲ ಒಳ್ಳೆಯವನೆಂದು ನೆನೆಸಿಕೊಳ್ಳುವಾಗ ನನಗೆ ಎಷ್ಟು ನಾಚಿಕೆಯಾಗುತ್ತದೆ ಎಂದು ನಿನಗೆ ಗೊತ್ತಿಲ್ಲ.

ಒಂದು ಉಪಕಾರ ಮಾಡು. ಒಂದೇ ಒಂದು ಶೀಶೆಯನ್ನು ಕ್ರಾಂತಿ ತೊಳೆದ ಹಾಗೆ ತೊಳೆದು ನಿನ್ನ ಪ್ರಯೋಗ ಮಾಡಿ ನೋಡು. ಉಂಗುರ ಬಂದರೆ ಈ ಮುದುಕನಿಗೆ ಅರಳು ಮರಳು ಎಂದುಕೋ.

ಕರಿಸಿದ್ದಪ್ಪ

*

ಪುಣೆ
9 ಡಿಸೆಂಬರ್ 2024

ಕಾಕಾ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಗಿತ್ತು ನನ್ನ ಸಿಟ್ಟು.

ಅಕ್ಟೋಬರ್ 20, ಭಾನುವಾರ, ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಆರು ಶೀಶೆಗಳನ್ನು ಕ್ರಾಂತಿಯ ಹಾಗೆ ಪುಡಿ, ಆಸಿಡ್ಡು ಹಾಕಿ ತೊಳೆದೆ. ಅಂಗೈ ಉರಿಯಿತು. ಎರಡು ದಿನ ಬಿಟ್ಟು ನೋಡಿದರೆ ಆರರಲ್ಲೂ ನೆಟ್ಟಗಿನ ಎಳೆಗಳು. ಆಮೇಲೆ ಕ್ರಾಂತಿ ತೊಳೆದಿಟ್ಟಿದ್ದ ಒಂದು ಶೀಶೆ ತೆಗೆದುಕೊಂಡು, ಸೋಸಿದ ಅಂಟವಾಳದ ನೀರನ್ನು ಸೂಜಿಯ ಮೊನೆಯಷ್ಟು ಹಾಕಿದೆ. ಉಂಗುರಗಳು ಬಂದವು ಕಾಕಾ. ನಾನು ಈ ಐದು ವರ್ಷದಲ್ಲಿ ಕಂಡ ಎಲ್ಲಕ್ಕಿಂತ ಚೆಂದದ ಉಂಗುರಗಳು. ಎಳೆಯ ಎರಡು ತುದಿಗಳು ಒಂದನ್ನೊಂದು ಹುಡುಕಿಕೊಳ್ಳುತ್ತಿದ್ದುದು ತಾವಾಗಿ ಅಲ್ಲ. ನನ್ನ ಅರೆಬರೆ ತೊಳೆತದಲ್ಲಿ ಉಳಿದ ನೊರೆಯ ಅಂಶ ಅವನ್ನು ಬಗ್ಗಿಸಿ ಕೂಡಿಸುತ್ತಿತ್ತು. ನನ್ನ ಪೇಪರಿನ ಹೆಸರಿನಲ್ಲೇ "ಬೇರೇನೂ ಬೆರೆಸದೆ" ಎಂಬ ಮಾತಿದೆ.

ಅವತ್ತೇ ಹೇಳಬಹುದಿತ್ತು. ಕ್ರಾಂತಿಯ ಗಡುವಿಗೆ ಇನ್ನೂ ಒಂದು ತಿಂಗಳಿತ್ತು. ನಾಳೆ ಹೇಳೋಣ ಎಂದುಕೊಂಡೆ. ನವೆಂಬರಿನಲ್ಲಿ ಪೇಪರು ಒಪ್ಪಿಗೆಯಾಯಿತು, ಸರ್ ಎಲ್ಲರಿಗೂ ಪೇಡೆ ಹಂಚಿದರು. ಕ್ರಾಂತಿಯೂ ಒಂದು ತಿಂದಳು, ನನ್ನ ಕೈ ಕುಲುಕಿದಳು. ಮೂವತ್ತನೇ ತಾರೀಖು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದಳು. ಸ್ಟೇಷನ್ನಿನಲ್ಲಿ ಚೀಲ ಹತ್ತಿಸಿದವಳು ನಾನೇ. "ಬ್ಯಾಸರ ಮಾಡಿಕೋಬ್ಯಾಡಕ್ಕ, ನನ್ನ ಕೈಗೆ ಇದು ಹತ್ತಂಗಿಲ್ಲ ಅಷ್ಟ" ಎಂದು ನನಗೇ ಸಮಾಧಾನ ಹೇಳಿದಳು.

ಹೇಳಿದರೆ ಪೇಪರು ಹೋಗುತ್ತದೆ. ಡಿಗ್ರಿ ಎಷ್ಟು ವರ್ಷ ಹಿಂದೆ ಬೀಳುತ್ತದೋ ಗೊತ್ತಿಲ್ಲ. ದಾಖಲೆ ಪುಸ್ತಕದಲ್ಲಿ ಅಂಟವಾಳದ ಹೆಸರೇ ಬರೆದಿಲ್ಲ, ಸುಳ್ಳುಗಾರ್ತಿ ಎಂದಾರು. ಹೆದರಿಕೆಯಾಗುತ್ತಿದೆ.

ಮತ್ತೆ ಒಂದು ಕೇಳುತ್ತೇನೆ, ನೀವೂ ಬೇಸರ ಮಾಡಿಕೊಳ್ಳಬೇಡಿ. ನೀವು ನಾಗರತ್ನಳಿಗೆ ಹೇಳಿದ್ದೀರಾ? ಹದಿನಾಲ್ಕು ವರ್ಷವಾಯಿತು. ನನಗೆ ಬುದ್ಧಿ ಹೇಳುವುದು ಸುಲಭ.

ಅರ್ಚನಾ

*

ಕೂಡ್ಲಿಗಿ
28 ಡಿಸೆಂಬರ್ 2024

ಅರ್ಚನಾ,

ನೀನು ಕೇಳಿದ್ದು ಸರಿ. ಹೇಳಿರಲಿಲ್ಲ. ನಿನ್ನೆ ಹೋಗಿ ಬಂದೆ.

ನಾಗರತ್ನ ಹಗರಿಬೊಮ್ಮನಹಳ್ಳಿಯಲ್ಲಿದ್ದಾಳೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ, ಹಿಂದೆಯೇ ಮನೆ. ಹಡಗಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅವಳ ಅಂಗಡಿಯ ಬೋರ್ಡನ್ನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ಬೇರೆ ಕಡೆ ಮುಖ ಮಾಡುತ್ತಿದ್ದೆ. ನಿನ್ನೆ ಇಳಿದೆ.

ನೋಡಿದ ಕೂಡಲೇ ಗುರುತು ಹಿಡಿದಳು. ಮಿಷಿನ್ನು ನಿಲ್ಲಿಸಿ ಸ್ಟೂಲು ಕೊಟ್ಟಳು. ಅಲ್ಲಿ ಬ್ಲೌಸಿನ ಅಳತೆ ಕೊಡಲು ಬಂದ ಇಬ್ಬರು ಹೆಂಗಸರಿದ್ದರು. ಅವರು ಹೋಗಲಿ, ಮೆಲ್ಲಗೆ ಹೇಳೋಣ ಎಂದು ಕಾದೆ. ಆದರೆ ಕಿವುಡನಿಗೆ ಮೆಲ್ಲಗೆ ಎನ್ನುವುದು ಎಲ್ಲಿ ಗೊತ್ತು? "ನಾಗರತ್ನಾ, ಅವತ್ತು ಟ್ಯೂಬ್ ಜಾಲಸದ ಹಂಗ ಇಟ್ಟಾವ ನಾನು. ನಿಂದೇನೂ ತಪ್ಪು ಇರಲಿಲ್ಲವ್ವಾ" ಎಂದೆ. ಓಣಿಯ ಆಚೆ ಬದಿಯ ಕಿರಾಣಿ ಅಂಗಡಿಯವನೂ ತಲೆ ಎತ್ತಿ ನೋಡಿದ.

ಅವಳ ಬಾಯಿ ಅಲ್ಲಾಡಿತು, ನನಗೆ ಕೇಳಲಿಲ್ಲ. ಅಳತೆಯ ಪುಸ್ತಕ ತೆಗೆದು ಅದರಲ್ಲಿ ಬರೆದು ತೋರಿಸಿದಳು. "ನನಗೆ ತಿಳಿಯದ ಹಾಗೆ ನಾನೇ ಏನೋ ಮಾಡಿದ್ದೆ ಎಂದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ನಂಬಿದ್ದೆ" ಎಂದು ಬರೆದಿದ್ದಳು. ಅರ್ಚನಾ, ಅವಳು ನನ್ನನ್ನು ಬೈದಿದ್ದರೆ ಅನುಭವಿಸುತ್ತಿದ್ದೆ. ತನ್ನ ಕೈಯನ್ನೇ ತಾನು ನಂಬದೆ ಹದಿನಾಲ್ಕು ವರ್ಷ ಬದುಕಿದ್ದಾಳೆ ಆ ಹುಡುಗಿ. ಈಗಲೂ ಬಟ್ಟೆ ಕತ್ತರಿಸುವ ಮೊದಲು ಮೂರು ಸಲ ಅಳೆಯುತ್ತಾಳಂತೆ.

ಆಮೇಲೆ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆದಳು: "ಇದನ್ನು ನಮ್ಮ ಅವ್ವನ ಮುಂದೆ ಹೇಳ್ರಿ." ಒಳಗೆ ಕರೆದುಕೊಂಡು ಹೋದಳು. ದ್ಯಾಮಕ್ಕ ಗೋಡೆಗೆ ಒರಗಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಎಲ್ಲವನ್ನೂ ಮತ್ತೆ ಹೇಳಿದೆ. ಕೈಯಲ್ಲಿನ ಶೇಂಗಾ ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು, ಆಮೇಲೆ ಮಗಳ ಕಡೆ ತಿರುಗಿ ಏನೋ ಕೇಳಿದಳು. ಏನಂದಳು ಎಂದು ನಾನು ಕೇಳಿದ್ದಕ್ಕೆ ನಾಗರತ್ನ ಬರೆದು ತೋರಿಸಿದಳು. "ಹಂಗಾದ್ರ ಅವತ್ತು ನಾನು ನಿನ್ನ ಯಾಕ ಹೊಡದೆ?"

ಯಾರೂ ಚಹಾ ಕೊಡಲಿಲ್ಲ. ಕೊಟ್ಟಿದ್ದರೂ ಕುಡಿಯಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಕೂಡ್ಲಿಗಿ ಬರುವ ತನಕ ಅತ್ತೆ, ಪಕ್ಕದವರು ನೀರಿನ ಬಾಟಲಿ ಕೊಟ್ಟರು.

ಇದನ್ನೆಲ್ಲ ಯಾಕೆ ಬರೆದೆನೆಂದರೆ, ನಿನ್ನ ಸರ್ ಮುಂದೆ ಹೇಳಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡ. ಮಾತು ಹಲವಾಗಲಿನವರೆಗೂ ಹೋಗಿದೆ. ಅಲ್ಲಿಗೂ ಬರೆ. ಡಿಗ್ರಿ ಇವತ್ತಲ್ಲ ನಾಳೆ ಬರುತ್ತದೆ. ನನ್ನ ಹಾಗೆ ತಡ ಮಾಡಬೇಡ.

ಕರಿಸಿದ್ದಪ್ಪ

*

ಪುಣೆ
19 ಜನವರಿ 2025

ಹಲವಾಗಲಿನ ಶ್ರೀ ಉಜ್ಜಿನಪ್ಪನವರಿಗೂ ಕ್ರಾಂತಿಯ ತಾಯಿಯವರಿಗೂ, ನಿಮ್ಮ ಮಗಳ ಜೊತೆ ಕೆಲಸ ಮಾಡುತ್ತಿದ್ದ ಅರ್ಚನಾಳ ನಮಸ್ಕಾರಗಳು.

ಕ್ರಾಂತಿ ನನ್ನ ಫೋನು ಎತ್ತುತ್ತಿಲ್ಲ. ಎತ್ತಲೇಬೇಕೆಂದೂ ಇಲ್ಲ. ಈ ಪತ್ರವನ್ನು ನೀವಿಬ್ಬರೂ ಓದಬೇಕು. ಅವಳ ಮುಂದೆಯೇ ಜೋರಾಗಿ ಓದಿದರೆ ಇನ್ನೂ ಒಳ್ಳೆಯದು.

ನಾನು ನನ್ನ ಶೀಶೆಗಳನ್ನು ಯಾರಿಗೂ ಹೇಳದೆ ಅಂಟವಾಳಕಾಯಿಯ ನೀರಿನಲ್ಲಿ ತೊಳೆಯುತ್ತಿದ್ದೆ, ಸರಿಯಾಗಿ ಜಾಲಿಸುತ್ತಿರಲಿಲ್ಲ. ಒಳಗೆ ಉಳಿದ ಆ ಕೊಳೆಯಿಂದಲೇ ನನ್ನ ಪ್ರಯೋಗ ಫಲ ಕೊಡುತ್ತಿತ್ತು. ಇದು ಅಕ್ಟೋಬರಿನಲ್ಲೇ ನನಗೆ ತಿಳಿಯಿತು. ಹೆದರಿ ಬಾಯಿ ಬಿಡಲಿಲ್ಲ, ಅವಳನ್ನು ರೈಲು ಹತ್ತಿಸಿ ಬಂದೆ. ಅದಕ್ಕೆ ನನ್ನನ್ನು ಕ್ಷಮಿಸಿ ಎಂದು ಕೇಳುವ ಧೈರ್ಯ ನನಗಿಲ್ಲ.

ಹೋದ ವಾರ ನಮ್ಮ ಸರ್ ಮುಂದೆ, ಲ್ಯಾಬಿನ ಎಲ್ಲರ ಮುಂದೆ ಇದನ್ನು ಹೇಳಿದ್ದೇನೆ. ಸರ್ ಪೇಪರನ್ನು ವಾಪಸ್ಸು ತೆಗೆದುಕೊಂಡಿದ್ದಾರೆ. ನನ್ನ ಡಿಗ್ರಿ ಮುಂದಕ್ಕೆ ಹೋಗಿದೆ. ಕ್ರಾಂತಿ ವಾಪಸ್ಸು ಬರಬೇಕೆಂದು ಅವರೇ ಪತ್ರ ಬರೆದಿದ್ದಾರೆ, ಅದರ ಪ್ರತಿ ಇದರ ಜೊತೆಗಿದೆ. ಬರುವುದು ಬಿಡುವುದು ಅವಳಿಷ್ಟ.

ನಿಮ್ಮ ಮಗಳ ಕೈಯಲ್ಲಿ ಹೊಲಸಿದೆ ಎಂದು ಇಲ್ಲಿಂದ ನಿಮ್ಮ ಮನೆಯವರೆಗೆ ಒಂದು ಮಾತು ಬಂದಿತ್ತು. ಅದು ಸುಳ್ಳು. ಅವಳು ಒಂದೊಂದು ಶೀಶೆಯನ್ನೂ ಐದು ಸಲ ಜಾಲಿಸುತ್ತಿದ್ದಳು. ಈ ಪ್ರಯೋಗಶಾಲೆಯಲ್ಲಿ ನಿಜವಾಗಿ ಚೊಕ್ಕವಾಗಿದ್ದದ್ದು ಅವಳ ಶೀಶೆಗಳು ಮಾತ್ರ. ಅಷ್ಟು ಚೊಕ್ಕವಾಗಿದ್ದವು ಎಂತಲೇ ಅವುಗಳಲ್ಲಿ ಉಂಗುರ ಹುಟ್ಟಲಿಲ್ಲ.

ಅರ್ಚನಾ